ಒಂಟಿಕಲ್ಲಪ್ಪ ಮೇಟಿಯಾಗಲು ಹೊರಟದ್ದು

ಆಗ ಭೂಮಿ ಇನ್ನೂ ಹೊಸದು. ಒಲೆಯಿಂದ ಈಗತಾನೇ ಇಳಿಸಿದ ಮಡಕೆಯ ಹಾಗೆ ಬೆಚ್ಚಗಿತ್ತು. ಹೊಳೆಗಳಿಗೆ ಎತ್ತ ಹರಿಯಬೇಕೆಂದು ಗೊತ್ತಿರಲಿಲ್ಲ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಾ ಹೋಗುತ್ತಿದ್ದವು. ಆಕಾಶವೂ ಇಷ್ಟು ಮೇಲಿರಲಿಲ್ಲ. ಎತ್ತರದ ಹೆಂಗಸರು ಮೊರ ಎತ್ತಿ ಕಾಳು ತೂರಿದರೆ ಮೋಡಕ್ಕೆ ತಗುಲುತ್ತಿತ್ತಂತೆ. ಸೂರ್ಯ ಆಗ ತಾಮ್ರದ ಬಣ್ಣಕ್ಕಿದ್ದ ಅನ್ನುವವರಿದ್ದಾರೆ, ಅರಿಶಿನದ ಬಣ್ಣ ಅನ್ನುವವರೂ ಇದ್ದಾರೆ. ನೋಡಿದವರು ಮಾತ್ರ ಯಾರೂ ಇಲ್ಲ. ಈ ಕತೆಗೆ ತಾಮ್ರವೇ ಇರಲಿ, ಕಣ್ಣಿಗೆ ಚೆನ್ನ.

ಆ ಕಾಲದಲ್ಲಿ, ಬಟಾಬಯಲಿನ ನಡುವೆ ಒಂದು ಬೆಟ್ಟವಿತ್ತು. ಹೆಸರು ಒಂಟಿಕಲ್ಲಪ್ಪ. ಬುಡದಿಂದ ನೆತ್ತಿಯವರೆಗೆ ಒಂದೇ ಕಲ್ಲು. ಬಿರುಕಿಲ್ಲ, ಸಂದಿಲ್ಲ, ಗಂಟಿಲ್ಲ. ಎಣ್ಣೆ ಹಚ್ಚಿದ ಬೋಳುತಲೆಯ ಹಾಗೆ ನುಣ್ಣಗೆ ಮಿರುಗುತ್ತಿತ್ತು.

ಅವನು ಹುಟ್ಟಿದ್ದು ನೆಲದ ಮೇಲಲ್ಲ, ನೆಲದ ಹೊಟ್ಟೆಯೊಳಗೆ. ಅಲ್ಲಿ ಬಲು ಆಳದಲ್ಲಿ ಕೊತಕೊತ ಕುದಿಯುವ ಅಂಬಲಿಯ ಹಾಗಿದ್ದ. ಆರುವುದಕ್ಕೆ ಅವಸರ ಪಡಲಿಲ್ಲ. ನಿಧಾನಕ್ಕೆ, ಬಲು ನಿಧಾನಕ್ಕೆ ಆರಿದ. ಹಾಗೆ ಆರಿದ್ದಕ್ಕೇ ಮೈತುಂಬ ಹರಳು ಕಟ್ಟಿದವು, ಬಿಳಿ ಹರಳು, ಕಂದು ಹರಳು, ನಡುನಡುವೆ ಕಪ್ಪು ಚುಕ್ಕೆ. ಮೇಲಿನ ಮಣ್ಣನ್ನು ಮಳೆ ತೊಳೆಯಿತು, ಮತ್ತೆ ತೊಳೆಯಿತು, ಮತ್ತೂ ತೊಳೆಯಿತು. ಕಡೆಗೊಂದು ದಿನ ಅವನ ನೆತ್ತಿ ಹೊರಗೆ ಬಿತ್ತು.

“ಬಂದೆ!” ಎಂದ ಒಂಟಿಕಲ್ಲಪ್ಪ.

ಯಾರೂ ಕರೆದಿರಲಿಲ್ಲ.

ಆದರೂ ಅವನ ಕಾಲ ಚೆನ್ನಾಗಿಯೇ ಇತ್ತು. ಅವನ ಪಡುವಲ ಮಗ್ಗುಲಿಗೆ ಒಂದು ಹಟ್ಟಿ ಬಂತು. ಹತ್ತಾರು ಗುಡಿಸಲು, ಕುರಿ, ಎತ್ತು, ನವಣೆ ಹೊಲ. ಹಟ್ಟಿಯವರು ಬೆಳಗ್ಗೆ ಎದ್ದು ಕಣ್ಣುಜ್ಜಿಕೊಂಡು ಮೊದಲು ನೋಡುತ್ತಿದ್ದದ್ದು ಅವನನ್ನೇ. ಯಾಕೆಂದರೆ ಸೂರ್ಯ ಹುಟ್ಟುತ್ತಿದ್ದದ್ದು ಅವನ ಬೆನ್ನ ಹಿಂದಿನಿಂದ.

ಹೊತ್ತು ತಿಳಿಯಬೇಕಾದರೂ ಅವನೇ ಬೇಕು. ಬೆಟ್ಟದ ಕಡೆಗೆ ಕೈ ಚಾಚಿ ಅಳೆಯುತ್ತಿದ್ದರು. ಬೆಟ್ಟದ ಮೇಲೆ ಸೂರ್ಯ ಗೇಣುದ್ದ ಏರಿದರೆ ಹಾಲು ಕರೆಯುವುದು, ಮಾರುದ್ದ ಏರಿದರೆ ಕುರಿ ಬಿಡುವುದು. ಕಾಲ ತಿಳಿಯಬೇಕಾದರೂ ಅವನೇ. ಸೂರ್ಯ ಅವನ ತೆಂಕಣ ಹೆಗಲಲ್ಲಿ ಹುಟ್ಟಿದರೆ ಚಳಿ, ಕೊಯ್ಲು, ಒಕ್ಕಣೆ. ಅಲ್ಲಿಂದ ದಿನಾ ಒಂದಿಷ್ಟು ಸರಿಯುತ್ತಾ ಸರಿಯುತ್ತಾ ಬಡಗಣ ಹೆಗಲಿಗೆ ಬಂದರೆ ಮಳೆ, ಬಿತ್ತನೆ.

“ನಾನು ಇಷ್ಟು ದೊಡ್ಡವನಿದ್ದೀನಿ. ನನ್ನನ್ನ ಬಿಟ್ಟು ಇನ್ನ್ಯಾರನ್ನ ನೋಡ್ತಾರೆ?” ಎನ್ನುತ್ತಿದ್ದ ಒಂಟಿಕಲ್ಲಪ್ಪ.

ಅವನ ಹೆಗಲ ಮೇಲೆ ಬಿಸಿಲು ಕಾಯಿಸುತ್ತಾ ಕೂತ ಓತಿಕ್ಯಾತ, “ಹೌದಣ್ಣ, ಹೌದು” ಎನ್ನುತ್ತಿತ್ತು. ಆಗಿನ್ನೂ ಬರೀ ಬಾಯಲ್ಲಿ ಹೇಳುತ್ತಿತ್ತು. ತಲೆ ಆಡಿಸುತ್ತಿರಲಿಲ್ಲ.

ಹಟ್ಟಿಯಲ್ಲಿ ಕೆಂಗಮ್ಮ ಅಂತ ಒಬ್ಬಳಿದ್ದಳು, ಅವಳ ಗಂಡ ಕಾಟಯ್ಯ. ಇಬ್ಬರೂ ಒಳ್ಳೆಯವರು, ಆದರೆ ನಡುಹಗಲಿನಲ್ಲಿ ಮಾತ್ರ ಇಬ್ಬರಿಗೂ ಜಗಳ. ಕಾಟಯ್ಯನದು ಉದ್ದನೆಯ ಕೈ, ಅವನು ಅಳೆದರೆ ಸೂರ್ಯ ಎರಡು ಮಾರು. ಕೆಂಗಮ್ಮನದು ಗಿಡ್ಡ ಕೈ, ಅವಳು ಅಳೆದರೆ ಅದೇ ಸೂರ್ಯ ಮೂರು ಮಾರು. ಅವಳು ಮುದ್ದೆ ಕಟ್ಟಿ ಕಾದು ಕೂತರೆ ಅವನಿನ್ನೂ ಹೊಲದಲ್ಲಿ.

“ಮುದ್ದೆ ಕಲ್ಲಾಯ್ತು. ಇಷ್ಟ್ ಹೊತ್ತಿಗಾ ಬರೋದು?”

“ಈಗಿನ್ನೂ ಎರಡು ಮಾರು ಆಗೈತೆ ಕೆಂಗಿ.”

“ಮೂರಾಗೈತೆ!”

“ನಿನ್ನ ಕೈ ಹಾಕಿ ಅಳೆದ್ರೆ ಮೂರೇ ಆಗೋದು. ಇಲಿ ಅಳೆದ್ರೆ ಮೂವತ್ತಾಗುತ್ತೆ.”

ಬಿತ್ತನೆಯಲ್ಲೂ ಇದೇ ಕತೆ. ಬಡಗಣ ಹೆಗಲು ಅಂದರೆ ಎಲ್ಲಿಂದ ಎಲ್ಲಿಯವರೆಗೆ? ಒಂಟಿಕಲ್ಲಪ್ಪನ ಹೆಗಲು ನುಣ್ಣಗೆ, ಉದ್ದಕ್ಕೆ ಇಳಿದಿತ್ತು. ಗುರುತು ಹಿಡಿಯಲು ಅದರ ಮೇಲೊಂದು ಮಚ್ಚೆಯೂ ಇರಲಿಲ್ಲ. ಹಿಂದಿನ ವರ್ಷ ಕಾಟಯ್ಯನ ಅಂದಾಜಿನ ಮೇಲೆ ಎಲ್ಲರೂ ಬಿತ್ತಿ, ಮಳೆ ತಡವಾಗಿ, ಬೀಜವೆಲ್ಲ ಇರುವೆ ಪಾಲಾಗಿತ್ತು. ಆ ವರ್ಷ ಹಟ್ಟಿಯವರು ಗೆಡ್ಡೆಗೆಣಸು ತಿಂದು ಬದುಕಿದರು. ಒಂಟಿಕಲ್ಲಪ್ಪನಿಗೆ ಅದೇನೂ ಗೊತ್ತಾಗಲಿಲ್ಲ. ನೋಡುತ್ತಿದ್ದರಲ್ಲ, ಅಷ್ಟು ಸಾಕಾಗಿತ್ತು.

ಹೀಗಿರುವಾಗ ಆ ಗಂಡಹೆಂಡಿರಿಂದ ಒಂದು ತಪ್ಪಾಯಿತು.

ಸುಗ್ಗಿಯಲ್ಲಿ ಕಣ ಮಾಡುತ್ತಾರಲ್ಲ? ನೆಲ ಮಟ್ಟ ಮಾಡಿ, ಸಗಣಿ ಸಾರಿಸಿ, ತಟ್ಟೆಯಂತೆ ದುಂಡಗೆ ಮಾಡುತ್ತಾರೆ. ನಟ್ಟನಡುವೆ ಒಂದು ಗೂಟ ನೆಡುತ್ತಾರೆ. ಅದೇ ಮೇಟಿ. ಎತ್ತುಗಳನ್ನು ಅದಕ್ಕೆ ಕಟ್ಟಿ ಸುತ್ತಿಸಿದರೆ ತೆನೆ ತುಳಿದು ಕಾಳು ಉದುರುತ್ತದೆ. ಒಕ್ಕಣೆ ಮುಗಿದ ಮೇಲೆ ಮೇಟಿ ಕಿತ್ತು, ಕೈಮುಗಿದು, ಅಟ್ಟಕ್ಕೆ ಸೇರಿಸುವುದು ಪದ್ಧತಿ. ಮರುವರ್ಷದ ಸುಗ್ಗಿಯಲ್ಲಿ ಕಾಟಯ್ಯ ಕೀಳುತ್ತಾನೆ ಅಂತ ಕೆಂಗಮ್ಮ ಬಿಟ್ಟಳು. ಕೆಂಗಮ್ಮ ಕೀಳುತ್ತಾಳೆ ಅಂತ ಕಾಟಯ್ಯ ಬಿಟ್ಟ. ಕಣ ಬರಿದಾಯಿತು, ಮೇಟಿ ಅಲ್ಲೇ ನಿಂತಿತು.

ಬರಿದಾದ ಕಣದಲ್ಲಿ ಕೆಂಗಮ್ಮ ಹುರುಳಿ ಹರವಿದಳು. ಮೇಟಿಯ ನೆರಳು ಹುರುಳಿಯ ಮೇಲೆ ಬಿತ್ತು. ಕಾಳು ಅತ್ತ ಸರಿಸಿದಳು. ಕೊಂಚ ಹೊತ್ತಿಗೆ ನೆರಳು ಅತ್ತಲೇ ಬಂತು. ಇತ್ತ ಸರಿಸಿದಳು. ಮತ್ತೆ ಸರಿಸಬೇಕಾಯಿತು.

“ಇದೇನು, ನನ್ನ ಹಿಂದೆ ಬಿದ್ದೈತೆ?” ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

ನಿಂತಳು, ನೋಡಿದಳು. ಬೆಳಗಿನ ನೆರಳು ಹಟ್ಟಿಯ ಕಡೆ ಉದ್ದಕ್ಕೆ ಮಲಗಿತ್ತು. ಹೊತ್ತೇರಿದಂತೆ ಕುಗ್ಗುತ್ತಾ, ತಿರುಗುತ್ತಾ ಬಂದು, ನಡುಹಗಲಿಗೆ ಬಡಗಣ ದಿಕ್ಕಿಗೆ ಗಿಡ್ಡಗೆ ನಿಂತಿತು. ಆಮೇಲೆ ಆಚೆ ಮಗ್ಗುಲಿಗೆ ಬೆಳೆಯತೊಡಗಿತು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಗಿಡ್ಡಗೆ ನಿಂತ ಕಡೆ ಗೆರೆ ಎಳೆದು ಕೆಂಗಮ್ಮ ಒಂದು ಕಲ್ಲಿಟ್ಟಳು.

“ನೋಡು ಮಾರಾಯ, ನಿನ್ನ ಮಾರೂ ಬೇಡ, ನನ್ನ ಮಾರೂ ಬೇಡ. ಮೇಟಿ ನೆಳ್ಳು ಈ ಕಲ್ಲಿನ ದಿಕ್ಕಿಗೆ ಬಂದಾಗ ಮುದ್ದೆ. ತಡ ಮಾಡಿದ್ರೆ ನಾಯಿಗೆ ಹಾಕ್ತೀನಿ.”

ಕಾಟಯ್ಯ ತಡ ಮಾಡಲಿಲ್ಲ. ಜಗಳ ನಿಂತಿತು. ಕೆಂಗಮ್ಮನ ಮನೆಯಲ್ಲಿ ಜಗಳ ನಿಂತದ್ದು ಯಾಕೆ ಅಂತ ಕೇಳಲು ಇಡೀ ಹಟ್ಟಿ ಬಂತು. ಬಂದವರು ಮೇಟಿಯ ಸುತ್ತ ಕೂತರು. ಹಾಲು ಕರೆಯುವ ಹೊತ್ತಿಗೊಂದು ಕಲ್ಲು, ಕುರಿ ನೀರಿಗೆ ಬಿಡುವ ಹೊತ್ತಿಗೊಂದು ಕಲ್ಲು, ಕಟ್ಟಿಗೆಗೆ ಹೋದವರು ಮರಳುವ ಹೊತ್ತಿಗೊಂದು ಕಲ್ಲು ಇಟ್ಟರು. ಬೆಟ್ಟದ ಕಡೆ ಕೈ ಚಾಚುವವರು ಕಡಿಮೆಯಾದರು. ಆಮೇಲೆ ಇಲ್ಲವಾದರು.

ಒಂಟಿಕಲ್ಲಪ್ಪ ಒಂದು ದಿನ ಕಾದ. ಇನ್ನೊಂದು ದಿನ ಕಾದ. ಬೆಳಗಾಯಿತು, ಜನ ಎದ್ದರು, ಅವನತ್ತ ತಲೆಯೆತ್ತದೆ ಕಣದ ಕಡೆ ನಡೆದರು.

“ಓತಿ, ಏನದು ಕಣದಲ್ಲಿ?” ಎಂದು ಕೇಳಿದ.

ಓತಿಕ್ಯಾತ ಸರಸರ ಇಳಿದು ಹೋಗಿ ನೋಡಿ, ಸರಸರ ಹತ್ತಿ ಬಂತು. “ಕೋಲಣ್ಣ. ಒಣ ಜಾಲಿ ಕೋಲು.”

“ಎಷ್ಟೆತ್ತರ?”

“ಕೆಂಗಮ್ಮನ ಕತ್ತಿನವರೆಗೆ.”

“ಕೆಂಗಮ್ಮನೇ ಗಿಡ್ಡ!”

“ಹೌದಣ್ಣ, ಹೌದು. ಆದ್ರೂ ಎಲ್ರೂ ಅದರ ಸುತ್ತಾನೇ ಕೂತವ್ರೆ. ಎತ್ತೂ ಅದನ್ನೇ ಸುತ್ತಿದ್ವು, ನೆಳ್ಳೂ ಅದನ್ನೇ ಸುತ್ತುತ್ತೆ. ಇನ್ನೊಂದು ಸುದ್ದಿ ಹೇಳ್ಲಾ? ಕೆಂಗಮ್ಮ ಅದಕ್ಕೆ ಅರಿಶಿನ ಹಚ್ಚಿದ್ಲು.”

ಒಂಟಿಕಲ್ಲಪ್ಪನಿಗೆ ಒಳಗೆಲ್ಲೋ ಚುರುಕ್ ಎಂದಿತು. ಹುಟ್ಟುವಾಗಿನ ಕುದಿ ಆರಿಹೋಗಿದೆ ಅಂದುಕೊಂಡಿದ್ದ. ಎಲ್ಲೋ ಒಂದು ಮೂಲೆಯಲ್ಲಿ ಒಂದು ಹಿಡಿ ಉಳಿದುಕೊಂಡಿತ್ತು.

“ನಾನು ಇಷ್ಟು ದೊಡ್ಡವನಿದ್ದೀನಿ. ನನ್ನನ್ನ ಬಿಟ್ಟು ಕೋಲನ್ನ ನೋಡ್ತಾರಾ?”

ಗಾಳಿಯವ್ವ ಆ ದಾರಿಯಲ್ಲಿ ತರಗೆಲೆ ತುಂಬಿಕೊಂಡು ಹೋಗುತ್ತಿದ್ದಳು. ಅವಳನ್ನು ನಿಲ್ಲಿಸಿದ.

“ಗಾಳಿಯವ್ವ, ಆ ಕೋಲನ್ನ ಒಂದಿಷ್ಟು ಬೀಳಿಸ್ತೀಯಾ?”

“ಅದು ನಿನಗೇನು ಮಾಡ್ತಪ್ಪ?”

“ಏನೂ ಮಾಡಿಲ್ಲ. ಅದಕ್ಕೇ.”

ಗಾಳಿಯವ್ವನಿಗೆ ನಗು ಬಂತು. ಬೀಳಿಸುವ ಕೆಲಸ ಅಂದರೆ ಅವಳಿಗೂ ಇಷ್ಟವೇ. ಸುಂಟರಗಾಳಿಯಾಗಿ ಕಣಕ್ಕೆ ನುಗ್ಗಿ ಹುರುಳಿ ಹಾರಿಸಿ, ಕೆಂಗಮ್ಮನ ಸೆರಗು ಹಾರಿಸಿ, ಮೇಟಿಯನ್ನು ಬಗ್ಗಿಸಿ ಕೆಡವಿದಳು.

ಒಂಟಿಕಲ್ಲಪ್ಪ ಮೈಯುಬ್ಬಿಸಿ ನಿಂತ. ಇನ್ನು ನೋಡುತ್ತಾರೆ. ಇನ್ನು ಕೈ ಚಾಚುತ್ತಾರೆ.

ಹಟ್ಟಿಯವರು ಓಡೋಡಿ ಬಂದರು. ಕಾಟಯ್ಯ ಮೊಣಕೈ ಆಳದ ಗುಂಡಿ ತೋಡಿದ. ಮೇಟಿಯನ್ನು ಮತ್ತೆ ನೆಟ್ಟರು. ಸೊಟ್ಟಗಾಗಬಾರದೆಂದು ಕೆಂಗಮ್ಮ ದಾರಕ್ಕೆ ಒಂದು ಕಲ್ಲು ಕಟ್ಟಿ, ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, “ಇನ್ನೊಂಚೂರು ಈ ಕಡೆಗೆ... ಅತ್ತಲ್ಲ, ಇತ್ತ... ಹಾಂ!” ಎಂದಳು. ಮೊದಲು ಅಂದಾಜಿನ ಮೇಲೆ ನಿಂತಿದ್ದ ಮೇಟಿ ಈಗ ನೆಟ್ಟಗೆ ನಿಂತಿತು. ನೆರಳು ಮೊದಲಿಗಿಂತ ಸರಿಯಾಗಿ ಬಿದ್ದಿತು. ಬುಡಕ್ಕೆ ಹಾಲು ಹುಯ್ದರು.

“ಹಾಲಣ್ಣ. ನೊರೆಹಾಲು” ಎಂದಿತು ಓತಿಕ್ಯಾತ.

“ನಿನ್ನನ್ನ ಯಾರು ಕೇಳಿದ್ರು?” ಎಂದು ಗದರಿದ ಒಂಟಿಕಲ್ಲಪ್ಪ.

ಬೇಸಿಗೆ ಬಂತು. ಓತಿಕ್ಯಾತ ದಿನಾ ಹೊಸ ಸುದ್ದಿ ತರುತ್ತಿತ್ತು. ಈಗ ತಂದದ್ದು ಸಿಹಿಸುದ್ದಿ. “ಅಣ್ಣ, ನಡುಹಗಲಿನ ನೆಳ್ಳು ದಿನಾ ಕುಗ್ತಾ ಐತೆ. ಸುಗ್ಗೀಲಿ ಮೊಳದ ಮೇಲಿತ್ತು, ಈಗ ಗೇಣು ಉಳಿದೈತೆ.” ಇನ್ನೊಂದು ದಿನ, “ಅಣ್ಣ, ಬೆರಳಿನಷ್ಟು.”

“ಸವೆದೋಗ್ತಾ ಐತೆ! ಕಾಯಿಲೆ ಬಿದ್ದೈತೆ!” ಎಂದು ಕುಣಿಯಲಾರದೆ ಕೂತಲ್ಲೇ ಕುಣಿದ ಒಂಟಿಕಲ್ಲಪ್ಪ. ಅವತ್ತಿನಿಂದ ನಿದ್ದೆ ಚೆನ್ನಾಗಿ ಬಂತು.

ಒಂದು ನಡುಹಗಲು ಕಣದಲ್ಲಿ ಕೂಗು ಎದ್ದಿತು.

“ಇಲ್ ಬಾ ಮಾರಾಯ! ನೆಳ್ಳು ಇಲ್ಲ! ಎಲ್ಲೂ ಇಲ್ಲ!”

ನಿಜಕ್ಕೂ ಇರಲಿಲ್ಲ. ಸೂರ್ಯ ಮೇಟಿಯ ನೆತ್ತಿಯ ಮೇಲೆ ಸರಿಯಾಗಿ ನಿಂತಿದ್ದ. ಬುಡದ ಸುತ್ತ ಇರುವೆ ತಲೆಯಷ್ಟೂ ನೆರಳಿರಲಿಲ್ಲ. ಕಾಟಯ್ಯ ಮೇಟಿಯ ಸುತ್ತ ಮೂರು ಸಲ ಸುತ್ತಿದ. ತನ್ನ ಕಾಲಡಿಯನ್ನೂ ನೋಡಿಕೊಂಡು ಬೆಚ್ಚಿದ. “ಕೆಂಗಿ, ನಂದೂ ಕಾಲ ಕೆಳಗೇ ಸೇರ್ಕೊಂಡೈತೆ ಕಣೇ!”

ಒಂಟಿಕಲ್ಲಪ್ಪನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಬಯಲು ನಡುಗುವ ಹಾಗೆ ಕೂಗಿದ. “ಸತ್ತಿತು ನಿಮ್ಮ ಕೋಲು! ಇನ್ನು ನನ್ನನ್ನ ಕೇಳ್ರೋ! ನಾನು ಇಷ್ಟು ದೊಡ್ಡವನಿದ್ದೀನಿ! ನನ್ನ ನೆಳ್ಳು ನೋಡ್ರಿ!”

ಎಲ್ಲರೂ ತಿರುಗಿದರು. ಎಷ್ಟೋ ದಿನದ ಮೇಲೆ ಎಲ್ಲರೂ ತಿರುಗಿದರು. ಕೆಂಗಮ್ಮ ಹಣೆಗೆ ಕೈಯಡ್ಡ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

“ಎಲ್ಲೈತಪ್ಪ ನಿನ್ನ ನೆಳ್ಳು?” ಎಂದಳು.

ಅವಳು ಹಂಗಿಸಿ ಕೇಳಿದ್ದಲ್ಲ. ಕಾಣಲಿಲ್ಲ, ಕೇಳಿದಳು. ಒಂಟಿಕಲ್ಲಪ್ಪ ತನ್ನ ಬುಡ ನೋಡಿಕೊಂಡ. ಈ ಕಡೆ ಬಿಸಿಲು. ಆ ಕಡೆಯೂ ಬಿಸಿಲು. ಇಷ್ಟು ಅಗಲದ ಮೈ, ಇಷ್ಟು ಇಳಿಜಾರಿನ ಪಕ್ಕೆ. ಸೂರ್ಯ ಮೇಲೇರಿದರೆ ಸಾಕು, ಎಲ್ಲ ಕಡೆಯೂ ಬಿಸಿಲೇ. ಇವತ್ತೊಂದು ದಿನ ಅಲ್ಲ, ನಡುಹಗಲಿನಲ್ಲಿ ಅವನಿಗೆ ನೆರಳು ಅಂತ ಇದ್ದದ್ದೇ ಅಪರೂಪ. ಹುಟ್ಟಿದಾಗಿನಿಂದ ಕೆಳಗೆ ನೋಡಿಕೊಂಡಿರಲಿಲ್ಲ, ಅಷ್ಟೆ.

ಅಷ್ಟರಲ್ಲಿ ಮೇಟಿಯ ಬುಡದಲ್ಲಿ ಕೂದಲೆಳೆಯಷ್ಟು ನೆರಳು ಮೂಡಿತು. ಎಲ್ಲರೂ ಅತ್ತ ತಿರುಗಿಬಿಟ್ಟರು.

“ಬಂತು! ಬಂತು!” ಎಂದಳು ಕೆಂಗಮ್ಮ. “ಸತ್ತಿಲ್ಲ ಅದು. ಸೂರಪ್ಪ ಇವತ್ತು ಮೇಟಿ ನೆತ್ತಿ ಮೇಲೆ ಕಾಲಿಟ್ಟು ದಾಟಿದ. ಅಷ್ಟೇಯ.”

ಅವತ್ತು ಹಟ್ಟಿಯಲ್ಲಿ ಬೆಲ್ಲದ ನೀರು ಹಂಚಿದರು. ಮೇಟಿಗೆ ಹೂವು ಮುಡಿಸಿದರು. ಮುಂದಿನ ದಿನಗಳಲ್ಲಿ ನಡುಹಗಲಿನ ನೆರಳು ಮಗ್ಗುಲು ಬದಲಿಸಿ ತೆಂಕಣ ಕಡೆಗೆ ಬೀಳತೊಡಗಿತು. ಅದಕ್ಕೂ ಒಂದು ಕಲ್ಲಿಟ್ಟರು.

ಒಂಟಿಕಲ್ಲಪ್ಪ ತನ್ನ ಬುಡವನ್ನೇ ನೋಡುತ್ತಾ ಕೂತ. ಓತಿಕ್ಯಾತ ಎರಡು ಸಲ “ಹೌದಣ್ಣ” ಅಂದು ನೋಡಿತು. ಏನಕ್ಕೆ ಹೌದು ಅಂತ ಅದಕ್ಕೂ ಗೊತ್ತಿರಲಿಲ್ಲ.

ಮರುದಿನ ಸೂರ್ಯ ಬೆನ್ನ ಹಿಂದಿನಿಂದ ಏರುವಾಗ ಒಂಟಿಕಲ್ಲಪ್ಪ ಮೆಲ್ಲಗೆ ಕರೆದ. “ಸೂರಪ್ಪ, ನನ್ನನ್ನ ಸಣ್ಣಗೆ ಮಾಡು.”

“ಏನಂದೆ?”

“ತೆಳ್ಳಗೆ ಮಾಡು. ಆ ಮೇಟಿ ಹಾಗೆ. ನನಗೂ ತೆಳ್ಳಗೆ, ನೆಟ್ಟಗೆ ಒಂದು ನೆಳ್ಳು ಬೇಕು.”

ಸೂರ್ಯ ತಾಮ್ರದ ಮುಖವನ್ನು ಉಜ್ಜಿಕೊಂಡ. “ನನಗೆ ಬರೋದು ಕಾಯಿಸೋದು ಒಂದೇ ಕಣೋ ಕಲ್ಲಪ್ಪ. ಹಗಲೆಲ್ಲ ಕಾಯಿಸ್ತೀನಿ. ನಿನ್ನ ಹೊರಮೈ ಹಿಗ್ಗುತ್ತೆ. ಒಳಮೈ ತಣ್ಣಗೇ ಇರುತ್ತೆ, ಹಿಗ್ಗಲ್ಲ. ರಾತ್ರಿ ಇರುಳವ್ವ ತಣ್ಣನೆ ಕೈಯಿಡ್ತಾಳೆ, ಹೊರಮೈ ಕುಗ್ಗುತ್ತೆ. ದಿನಾ ಹೀಗಾದ್ರೆ ನಿನ್ನ ಒಳಗಿಗೂ ಹೊರಗಿಗೂ ಜಗಳ ಹತ್ತುತ್ತೆ. ಜಗಳ ಹತ್ತಿದ್ರೆ ಬಿರುಕು ಬಿಡ್ತೀಯ.”

“ಬಿಡಲಿ.”

“ನೋವಾಗುತ್ತೆ.”

“ಆ ಕೋಲಿಗೆ ಹೂವು ಮುಡಿಸಿದ್ದು ನೋಡಿದ್ಯಾ? ಅದಕ್ಕಿಂತ ನೋವಾಗಲ್ಲ. ಕಾಯಿಸು.”

ಸೂರ್ಯ ಕಾಯಿಸಿದ. ಇರುಳವ್ವ ತಣ್ಣಗೆ ಮಾಡಿದಳು. ಸೂರ್ಯ ಕಾಯಿಸಿದ. ಇರುಳವ್ವ ತಣ್ಣಗೆ ಮಾಡಿದಳು. ಕಾದ ಮೈ ಮೇಲೆ ಒಂದೆರಡು ಅಡ್ಡಮಳೆ ಬಿದ್ದು, ಆಗತಾನೇ ಬಿಟ್ಟ ಸಣ್ಣ ಬಿರುಕಿಗೆಲ್ಲ ನೀರು ಇಳಿಯಿತು. ಇಂಥ ಕೆಲಸಕ್ಕೆ ಲಕ್ಷಗಟ್ಟಲೆ ವರ್ಷ ಹಿಡಿಯುತ್ತದೆ ಅಂತ ಓದಿದವರು ಹೇಳುತ್ತಾರೆ. ಅವರ ಮಾತೇ ಸರಿ. ಆದರೆ ಆಗ ವರ್ಷಗಳೂ ಎಳೆಯವು, ಕರುವಿನ ಹಾಗೆ ನೆಗೆದು ಓಡುತ್ತಿದ್ದವು. ಅದಕ್ಕೇ ಈ ಕತೆಯಲ್ಲಿ ಒಂದೇ ಬೇಸಿಗೆಗೆ ಮುಗಿಯಿತು.

ಮೊದಲು ಒಂದು ಸದ್ದು. ಟಪ್!

ಒಂಟಿಕಲ್ಲಪ್ಪನ ಬೆನ್ನಿನಿಂದ ಈರುಳ್ಳಿಯ ಸಿಪ್ಪೆಯ ಹಾಗೆ ಒಂದು ಪದರ ಎದ್ದು ಜಾರಿತು. ಅವನಿಗೆ ನೋವಾಯಿತು, ಆದರೆ ಖುಷಿಯಾಯಿತು. “ಸಣ್ಣಗಾದ್ನಾ ಓತಿ?” “ಹೌದಣ್ಣ, ಹೌದು.” ಟಪ್! ಇನ್ನೊಂದು ಪದರ. “ಈಗ?” “ಹೌದಣ್ಣ.” ಮೈಯೆಲ್ಲ ಉದ್ದಕ್ಕೂ ಅಡ್ಡಕ್ಕೂ ಸೀಳಿತು. ಒಂದೇ ಕಲ್ಲಾಗಿದ್ದವನು ಹತ್ತಾದ, ನೂರಾದ.

ಆದರೆ ಒಂದು ಎಡವಟ್ಟಾಯಿತು. ಸೀಳಿದ ಕಲ್ಲಿಗೆ ಮೂಲೆಗಳಿರುತ್ತವಲ್ಲ, ಆ ಮೂಲೆಗಳಿಗೆ ಎಲ್ಲ ಕಡೆಯಿಂದಲೂ ಬಿಸಿಲು, ಎಲ್ಲ ಕಡೆಯಿಂದಲೂ ಮಳೆ. ಮೂಲೆಗಳೇ ಮೊದಲು ಉದುರಿದವು. ಮೂಲೆ ಉದುರಿದರೆ ಉಳಿಯುವುದೇನು? ದುಂಡು! ತೆಳ್ಳಗಾಗಲು ಹೊರಟ ಒಂಟಿಕಲ್ಲಪ್ಪ ದುಂಡಗಾಗಿ ಕೂತ, ಅದೂ ಒಂದಲ್ಲ, ನೂರು ಕಡೆ.

ಅವನು ಅಷ್ಟಕ್ಕೇ ಬಿಡಲಿಲ್ಲ. ಗುಂಡಿನ ಮೇಲೆ ಗುಂಡು, ಗುಂಡಿನ ಮೇಲೆ ಗುಂಡು ನಿಲ್ಲಿಸಿಕೊಂಡು, ಉಸಿರು ಬಿಗಿಹಿಡಿದು, ನೆಟ್ಟಗೆ ಎದ್ದುನಿಂತ.

“ಈಗ ನೋಡು ಓತಿ. ಸುಳ್ಳು ಹೇಳಬೇಡ. ಮೇಟಿ ಹಾಗೆ ಕಾಣ್ತೀನಾ?”

ಓತಿಕ್ಯಾತ ನೋಡಿತು. ಯಾರೋ ಅವಸರದಲ್ಲಿ ಮುದ್ದೆಯ ಮೇಲೆ ಮುದ್ದೆ ಇಟ್ಟು ಹೋದ ಹಾಗಿತ್ತು. ಹೌದು ಅನ್ನಲು ಬಾಯಿ ಬರಲಿಲ್ಲ. ಇಲ್ಲ ಅನ್ನಲು ಧೈರ್ಯ ಬರಲಿಲ್ಲ. ಸುಮ್ಮನೆ ತಲೆಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸಿತು.

ಅದೇ ಗಳಿಗೆಗೆ ಎಲ್ಲಕ್ಕಿಂತ ಮೇಲಿದ್ದ ದೊಡ್ಡ ಗುಂಡು ಅಲುಗಿತು.

ಅಲುಗಿತು, ಉರುಳಿತು, ಪಡುವಲ ಇಳಿಜಾರಿಗೆ ಬಿತ್ತು. ನೆಟ್ಟಗೆ ಕಣದ ದಿಕ್ಕಿಗೆ. ಒಂಟಿಕಲ್ಲಪ್ಪ ನೋಡಿದ. ಅದು ಹೀಗೇ ಉರುಳಿದರೆ ಕಣದ ನಡುವಿಗೇ ಹೋಗುತ್ತದೆ. ಮೇಟಿ ಪುಡಿಪುಡಿ. ಅರಿಶಿನ ಪುಡಿ, ಹೂವು ಪುಡಿ, ಹಾಲು ಹುಯ್ದ ಬುಡವೂ ಪುಡಿ. ಅವನು ಕೇಳದೆಯೇ ಅವನ ಆಸೆ ಉರುಳಿಕೊಂಡು ಹೋಗುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು.

ಮೇಟಿಯ ಪಕ್ಕ ಕೆಂಗಮ್ಮ ಕೂತಿದ್ದಳು. ಮೊರದಲ್ಲಿ ಬಿತ್ತನೆಯ ಬೀಜ ಹಸನು ಮಾಡುತ್ತಿದ್ದಳು. ಸದ್ದು ಕೇಳಿ ತಲೆಯೆತ್ತಿದಳು. ಎಷ್ಟೋ ದಿನದ ಮೇಲೆ ನೆಟ್ಟಗೆ ಅವನ ಮುಖ ನೋಡಿದಳು. ಎದ್ದು ಓಡಲು ಹೊತ್ತಿರಲಿಲ್ಲ.

“ಅಪ್ಪಾ!” ಎಂದಳು.

ಒಂಟಿಕಲ್ಲಪ್ಪನಿಗೆ ಕೈಯಿಲ್ಲ. ಕಾಲೂ ಇಲ್ಲ. ಇದ್ದದ್ದು ಉರುಳಿ ಬಿದ್ದ ತನ್ನದೇ ಚೂರುಗಳು. ಇಳಿಜಾರಿನ ನಡುವೆ ಹಲಗೆಯಂತೆ ಎದ್ದಿದ್ದ ಒಂದು ಪದರವಿತ್ತು. ಇರುವ ಶಕ್ತಿಯೆಲ್ಲ ಕೂಡಿಸಿ ಅದನ್ನು ಒಂದೇ ಒಂದು ಬೆರಳಿನಷ್ಟು ಮುಂದೆ ಸರಿಸಿದ. ಕಲ್ಲು ಸರಿಯುವುದು ಎಷ್ಟು ಕಷ್ಟ ಅನ್ನುವುದು ಕಲ್ಲಿಗೇ ಗೊತ್ತು. ಉರುಳಿ ಬಂದ ಗುಂಡು ಅದರ ಅಂಚಿಗೆ ತಾಗಿತು. ಓಲಾಡಿತು. ಮುಂದಕ್ಕೆ ಬಾಗಿತು. ನಿಂತಿತು.

ಅರ್ಧ ಇಳಿಜಾರಿನಲ್ಲಿ, ಹಿಡಿಯಷ್ಟು ಆಸರೆಯ ಮೇಲೆ, ಇನ್ನೇನು ಬಿದ್ದೇಬಿಟ್ಟಿತು ಅನ್ನುವ ಹಾಗೆ ನಿಂತಿತು.

ಕೆಂಗಮ್ಮನ ಕೈಯ ಮೊರ ಬಿದ್ದು ಬೀಜವೆಲ್ಲ ಚೆಲ್ಲಿತ್ತು. ಕಾಟಯ್ಯ ಹೊಲದಿಂದ ಓಡಿ ಬಂದ. ಇಬ್ಬರೂ ಒಂಟಿಕಲ್ಲಪ್ಪನನ್ನು ನೋಡಿದರು.

“ಏನಾಗ್ಹೋದ್ಯಪ್ಪ ನೀನು? ಹೆಂಗಿದ್ದವ್ನು!” ಎಂದಳು ಕೆಂಗಮ್ಮ. ದನಿಯಲ್ಲಿ ಅಳು ಇತ್ತು. ಬಿದ್ದ ಬೀಜಕ್ಕಲ್ಲ.

ಒಂಟಿಕಲ್ಲಪ್ಪನಿಗೆ ನಾಚಿಕೆಯಾಯಿತು. ನೋಡಲಿ ಅಂತಲೇ ಇಷ್ಟೆಲ್ಲ ಮಾಡಿದವನಿಗೆ ಈಗ ಯಾರೂ ನೋಡದಿದ್ದರೆ ಸಾಕಾಗಿತ್ತು.

ಆದರೆ ಮರುದಿನ ಬೆಳಗ್ಗೆ ಹಟ್ಟಿಯವರೆಲ್ಲ ಅವನ ಕಡೆಗೇ ಮುಖ ಮಾಡಿ ಕೂತಿದ್ದರು. ಮೇಲಿನಿಂದ ಇನ್ನೂ ಏನು ಉರುಳೀತೋ ಅನ್ನುವ ಭಯ ಅವರಿಗೆ. ಸೂರ್ಯ ಬಂದ. ಮೊದಲಾದರೆ ನುಣ್ಣನೆ ಹೆಗಲ ಮೇಲೆ ಎಲ್ಲೋ ಒಂದು ಕಡೆ ಇಣುಕುತ್ತಿದ್ದ. ಈಗ ಹೆಗಲೇ ಇಲ್ಲ, ಹಲ್ಲಿನ ಸಾಲಿನ ಹಾಗೆ ಗುಂಡುಗಳು. ಎರಡು ಗುಂಡುಗಳ ನಡುವಿನ ಸಂದಿಯಲ್ಲಿ ಸೂರ್ಯ ಸರಿಯಾಗಿ ಬಂದು ಕೂತ. ಅದರ ಮರುದಿನ ಒಂದಿಷ್ಟು ಸರಿದ. ಕೆಲವು ದಿನಕ್ಕೆ ಪಕ್ಕದ ಗುಂಡಿನ ನೆತ್ತಿಗೆ ಬಂದ, ಆಮೇಲೆ ಅದರಾಚೆಯ ಸಂದಿಗೆ.

“ಕೆಂಗಿ, ಬಾ ಇಲ್ಲಿ” ಎಂದ ಕಾಟಯ್ಯ. “ಈ ಸಂದಿ ನೋಡು. ಇದಕ್ಕೆ ಸೂರಪ್ಪ ಬಂದ ಮಾರನೇ ದಿನಾನೇ ಮಳೆ ಬಂತು. ಬರೋ ವರ್ಷ ಬಡಗಣ ಹೆಗಲು ಅಂತ ಅಂದಾಜು ಹಾಕ್ಕೊಂಡು ಕೂರೋದು ಬ್ಯಾಡ. ಈ ಸಂದಿಗೆ ಕಣ್ಣಿಟ್ರೆ ಸಾಕು.”

“ಹೊತ್ತಿಗೆ ಮೇಟಿ, ಕಾಲಕ್ಕೆ ಬೆಟ್ಟ” ಎಂದಳು ಕೆಂಗಮ್ಮ. ಕೈಯಲ್ಲಿ ಅರಿಶಿನ ಇತ್ತು. ಇಳಿಜಾರು ಹತ್ತಿ ಹೋಗಿ, ಅರ್ಧಕ್ಕೆ ನಿಂತ ಆ ಗುಂಡಿಗೆ ಬಳಿದಳು. ಬಳಿಯುವಾಗ ಅದರ ಕೆಳಗಿನ ಆಸರೆ ನೋಡಿ ಒಂದು ಹೆಜ್ಜೆ ಹಿಂದಕ್ಕೆ ಬಂದಳು, ಮತ್ತೆ ಮುಂದೆ ಹೋಗಿ ಇನ್ನೊಂದಿಷ್ಟು ಬಳಿದಳು.

ಆ ವರ್ಷ ಹಟ್ಟಿಯಲ್ಲಿ ನವಣೆ ತುಂಬಿತು. ಒಂಟಿಕಲ್ಲಪ್ಪನ ಮೈಯಿಂದ ಉದುರಿದ ಪುಡಿಯೆಲ್ಲ ಮಳೆನೀರಿಗೆ ಇಳಿದು ಹೊಲಕ್ಕೆ ಹೊಸ ಮಣ್ಣಾಗಿತ್ತು.

ಸುಗ್ಗಿಯ ಹೊತ್ತಿಗೆ ಒಂದು ಬೆಳಗ್ಗೆ, ಇಷ್ಟು ದಿನ ಬಾಯೇ ಬಿಡದಿದ್ದ ಮೇಟಿ ಮಾತಾಡಿತು.

“ಕಲ್ಲಪ್ಪಣ್ಣ, ಒಂದು ಮಾತು ಹೇಳ್ಲಾ? ಸಿಟ್ಟಾಗಬೇಡ.”

“ಹೇಳು” ಎಂದ ಒಂಟಿಕಲ್ಲಪ್ಪ ಬಿಗುವಾಗಿ.

“ದಿನಾ ಬೆಳಗ್ಗೆ ನಿನ್ನ ನೆಳ್ಳು ಇಡೀ ಹಟ್ಟಿ ಮೇಲೆ ಬಿದ್ದಿರುತ್ತೆ. ಅದು ಸರಿಯೋವರೆಗೂ ನನಗೆ ನೆಳ್ಳೇ ಇಲ್ಲ. ನೀನು ಬಿಟ್ಟ ಮೇಲೇ ನನ್ನ ಕೆಲಸ. ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ ನನಗೆ? ನನ್ನ ಬುಡಕ್ಕೆ ಗೆದ್ದಲು ಹತ್ತೈತೆ. ನಾನು ಇನ್ನೆಷ್ಟು ಸುಗ್ಗಿ ನೋಡ್ತೀನೋ. ನೀನು ಇರ್ತೀಯ.”

ತನ್ನನ್ನು ನೋಡಿ ಹೊಟ್ಟೆ ಉರಿದುಕೊಂಡವರೂ ಇದ್ದಾರೆ ಅಂತ ಕೇಳಿ ಒಂಟಿಕಲ್ಲಪ್ಪನಿಗೆ ಮೈಯೆಲ್ಲ ತಂಪಾಯಿತು. ಬೆಳಗಿನ ನೆರಳನ್ನು ಅವತ್ತು ಒಂದಿಷ್ಟು ಬೇಗ ಎತ್ತಿಕೊಂಡ ಅನ್ನುತ್ತಾರೆ. ಇದು ಮಾತ್ರ ಸುಳ್ಳಿರಬಹುದು.

ಹಾಗಂತ ಅವನ ಹೊಟ್ಟೆಕ್ಕಿಚ್ಚು ಆರಿತೇ? ಎಲ್ಲಿ ಆರುತ್ತದೆ! ಬೇಸಿಗೆಯಲ್ಲಿ ಯಾರ ಹೊಲದಲ್ಲಾದರೂ ನೆಟ್ಟಗೆ ನಿಂತ ಕೋಲು ಕಂಡರೆ ಈಗಲೂ ಟಪ್ ಅಂತ ಒಂದು ಸಿಪ್ಪೆ ಬಿಡುತ್ತಾನೆ. “ಈಗ ಸಣ್ಣಗೆ ಕಾಣ್ತೀನಾ?” ಎಂದು ಕೇಳುತ್ತಾನೆ. ಓತಿಕ್ಯಾತ ಈಗಲೂ ಬಂಡೆಯ ಮೇಲೆ ಕೂತು ಬಾಯಿ ಬಿಡದೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ.

ಅದಕ್ಕೇ ಮಕ್ಕಳೇ, ನಮ್ಮ ಬಯಲಿನ ಬೆಟ್ಟಗಳಲ್ಲಿ ಗುಂಡಿನ ಮೇಲೆ ಗುಂಡು ನಿಂತಿರುವುದು. ಇಳಿಜಾರಿನಲ್ಲಿ ಯಾವುದೋ ಒಂದು ದೊಡ್ಡ ಗುಂಡು ಇನ್ನೇನು ಉರುಳೇಬಿಟ್ಟಿತು ಅನ್ನುವ ಹಾಗಿದ್ದೂ ನೀವು ನೋಡನೋಡುತ್ತಾ ಉರುಳದೆ ನಿಂತಿದ್ದರೆ, ಕೆಳಗೆ ಕೆಂಗಮ್ಮ ಇನ್ನೂ ಬೀಜ ಹಸನು ಮಾಡುತ್ತಾ ಕೂತಿದ್ದಾಳೆ ಅಂದುಕೊಂಡು ಒಂಟಿಕಲ್ಲಪ್ಪ ಹಿಡಿತ ಬಿಟ್ಟಿಲ್ಲ ಅಂತ ತಿಳಿಯಿರಿ.